ಬೂಟ್ ಹೊತ್ತಲ್ಲಿ ಎಡವಿದ ಕರ್ನಲ್ ನಿಲ್ಲಬೇಕಾ, ನಡೆಯಬೇಕಾ?

ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು, ಇಲ್ಲಿ ಲಿನಕ್ಸ್‌ನದು) ಪ್ರೊಸೆಸರ್ ಕೋಡ್, ಅಂದರೆ ಸಿಪಿಯುವನ್ನು ಸಜ್ಜುಮಾಡುವ ಭಾಗ, ತನ್ನ ಕೆಲಸ ಶುರು ಮಾಡುತ್ತದೆ. ಅದರಲ್ಲಿ ಒಂದು ಹೆಜ್ಜೆ ತಪ್ಪಿತು ಎಂದುಕೊಳ್ಳಿ. ಮೆಮೊರಿ ಸಿಗಲಿಲ್ಲ, ಒಂದು ಕೋರ್ ಏಳಲಿಲ್ಲ, ಟೈಮರ್ ಓಡಲಿಲ್ಲ. ಆಗ ಪ್ಯಾನಿಕ್ ಮಾಡುವುದು, ಅಂದರೆ ಇನ್ನಾಗದು ಎಂದು ಯಂತ್ರವನ್ನು ಅಲ್ಲೇ ನಿಲ್ಲಿಸಿಬಿಡುವುದು, ಸರಿಯಾ?

ಪರ: ನಿಲ್ಲಲಿ, ಅಲ್ಲೇ ನಿಲ್ಲಲಿ

ಈ ಕೋಡ್ ಮಾಡುವುದು ಅಡಿಪಾಯದ ಕೆಲಸ. ಮೆಮೊರಿಯ ಯಾವ ತುಂಡು (ಪೇಜ್) ಎಲ್ಲಿದೆ ಎಂದು ಹೇಳುವ ಪೇಜ್ ಟೇಬಲ್ ಕಟ್ಟುತ್ತದೆ, ಸಾಧನಗಳು ಸಿಪಿಯುವನ್ನು ಕರೆಯುವ ಇಂಟರಪ್ಟ್‌ಗಳಿಗೆ ದಾರಿ ಮಾಡುತ್ತದೆ, ಈ ಸಿಪಿಯುಗೆ ಏನೇನು ಬರುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಬರುವ ಲಕ್ಷಾಂತರ ಸಾಲು ಕೋಡ್ ಇದೆಲ್ಲ ಆಗಿದೆ ಎಂದೇ ನಂಬಿಕೊಂಡಿರುತ್ತದೆ. ಮತ್ತೆ ಯಾರೂ ತಿರುಗಿ ನೋಡುವುದಿಲ್ಲ.

ಇಂಟೆಲ್‌ನ ಹಳೆಯ 386 ಪ್ರೊಸೆಸರ್‌ನ ಕಥೆ ನೋಡಿ. ಒಂದು ಪೇಜನ್ನು ಓದಲು ಮಾತ್ರ ಎಂದು ಗುರುತು ಮಾಡಿದರೂ, ಕರ್ನಲ್ ಮೋಡ್‌ನಲ್ಲಿ ಓಡುವ ಕೋಡ್ ಅದರ ಮೇಲೆ ಬರೆಯಬಹುದಿತ್ತು. ಪ್ರೊಸೆಸರ್ ಚಕಾರ ಎತ್ತುತ್ತಿರಲಿಲ್ಲ. 486ರಲ್ಲಿ ಇದನ್ನು ತಡೆಯಲೆಂದೇ ಡಬ್ಲ್ಯುಪಿ (ರೈಟ್ ಪ್ರೊಟೆಕ್ಟ್) ಬಿಟ್ ಬಂತು. 32 ಬಿಟ್ ಎಕ್ಸ್86 (ಈ ಇಂಟೆಲ್ ವಂಶದ ಪ್ರೊಸೆಸರ್) ಲಿನಕ್ಸ್ ಬೂಟ್ ಆಗುವಾಗ ಅಂಥ ಒಂದು ಪೇಜಿಗೆ ಬೇಕೆಂದೇ ಬರೆದು ನೋಡುತ್ತದೆ. ಫಾಲ್ಟ್ ಬಂದರೆ, ಅಂದರೆ ಪ್ರೊಸೆಸರ್ ತಡೆದು ಕರ್ನಲ್‌ಗೆ ಹೇಳಿದರೆ, ಸರಿ. ಬರದಿದ್ದರೆ ಪ್ಯಾನಿಕ್.

ಯಾಕಿಷ್ಟು ಕಟ್ಟುನಿಟ್ಟು? ಫೋರ್ಕ್ ಆದ ಮೇಲೆ, ಅಂದರೆ ಓಡುತ್ತಿರುವ ಪ್ರೋಗ್ರಾಂ (ಪ್ರಾಸೆಸ್) ತನ್ನದೇ ಪ್ರತಿ ಮಾಡಿಕೊಂಡ ಮೇಲೆ, ಎರಡು ಪ್ರಾಸೆಸ್‌ಗಳು ಒಂದೇ ಪೇಜ್ ಹಂಚಿಕೊಂಡಿರುತ್ತವೆ. ಯಾರಾದರೂ ಬರೆಯಲು ಹೋದಾಗ ಫಾಲ್ಟ್ ಬರುತ್ತದೆ, ಆಗ ನಕಲು ಆಗುತ್ತದೆ. ಈಗ ಒಂದು ಪ್ರಾಸೆಸ್ ಫೈಲ್ ಓದಲು ಕೇಳಿತು, ಕರ್ನಲ್ ಆ ಪೇಜಿಗೆ ಡೇಟಾ ಸುರಿಯಿತು, ಫಾಲ್ಟೇ ಬರಲಿಲ್ಲ. ಇನ್ನೊಂದು ಪ್ರಾಸೆಸ್‌ನ ಡೇಟಾ ಸದ್ದಿಲ್ಲದೆ ಕೆಟ್ಟಿತು. ಯಾವ ಲಾಗ್‌ನಲ್ಲೂ ಒಂದು ಸಾಲೂ ಇಲ್ಲ. 386ಗಾಗಿ ಕರ್ನಲ್ ಇದನ್ನು ಸಾಫ್ಟ್‌ವೇರ್‌ನಲ್ಲಿ ನೋಡಿಕೊಳ್ಳುತ್ತಿತ್ತು. 2012ರಲ್ಲಿ 386 ಬೆಂಬಲವನ್ನೇ ತೆಗೆದುಹಾಕಿದರು. ಹೇಗೋ ನಡೆಯಲಿ ಎಂದು ಮಾತ್ರ ಯಾವತ್ತೂ ಬಿಡಲಿಲ್ಲ.

ಇನ್ನು ಮೆಮೊರಿ. ಬೂಟ್ ಆಗುವಾಗ ಯಂತ್ರದ ಹೆಚ್ಚುಕಡಿಮೆ ಎಲ್ಲ ಮೆಮೊರಿಯೂ ಖಾಲಿ ಇರುತ್ತದೆ. ಆಗಲೇ ನಾಲ್ಕು ಕಿಲೋಬೈಟ್ ಸಿಗಲಿಲ್ಲ ಎಂದರೆ ಆ ಯಂತ್ರ ಹೋಯಿತು ಅಂತಲೇ ಅರ್ಥ, ಅಲ್ವಾ? ಅದಕ್ಕೇ ಕ್ಯಾಶ್ (ಒಂದೇ ಅಳತೆಯ ಮೆಮೊರಿ ತುಂಡುಗಳ ದಾಸ್ತಾನು) ಸೃಷ್ಟಿಸುವಾಗ ಕೊಡಲು ಸ್ಲ್ಯಾಬ್ ಪ್ಯಾನಿಕ್ ಎಂಬ ಫ್ಲ್ಯಾಗ್ ಇದೆ. ಆಗದಿದ್ದರೆ ಇಲ್ಲೇ ನಿಲ್ಲು ಎಂದು ಒಂದೇ ಪದದಲ್ಲಿ ಹೇಳಿದ ಹಾಗೆ. ಅದನ್ನು ಬಿಟ್ಟು ಪ್ರತಿ ಫಂಕ್ಷನ್‌ಗೂ ಸೋತಾಗ ಮಾಡಿದ್ದನ್ನೆಲ್ಲ ಬಿಚ್ಚುತ್ತಾ ಹಿಂದೆ ಬರುವ ಗೋಟು ಸರಪಳಿ ಬರೆಯುತ್ತಾ ಕೂತರೆ ಏನಾಗುತ್ತದೆ? ಆ ಸಾಲುಗಳು ಯಾರ ಯಂತ್ರದಲ್ಲೂ ಒಮ್ಮೆಯೂ ಓಡಿರುವುದಿಲ್ಲ. ಓಡದ ಕೋಡ್‌ನಲ್ಲಿ ಬಗ್ ಇರುತ್ತದೆ. ಒಂದೇ ಮೆಮೊರಿಯನ್ನು ಎರಡು ಸಲ ಫ್ರೀ ಮಾಡಿರುತ್ತದೆ, ಇಲ್ಲವೇ ಹಿಡಿದ ಲಾಕ್ ಬಿಟ್ಟಿರುವುದಿಲ್ಲ.

ನನ್ನ ತಕರಾರು ಇಷ್ಟೇ. ಇವತ್ತು ನುಂಗಿಕೊಂಡ ತಪ್ಪು ಹತ್ತು ದಿನ ಬಿಟ್ಟು ಫೈಲ್‌ಸಿಸ್ಟಂನಲ್ಲಿ ಕ್ರ್ಯಾಶ್ ಆಗಿ ಏಳುತ್ತದೆ. ಆಗ ಬೈಗುಳ ತಿನ್ನುವುದು ಫೈಲ್‌ಸಿಸ್ಟಂ ಬರೆದವರು.

ವಿರೋಧ: ಸುಮ್ನೆ ಸಾಯುವುದರಿಂದ ಯಾರಿಗೇನು ಲಾಭ?

ಪರ ಬರೆದವರು ಪ್ಯಾನಿಕ್ ಆದರೆ ಕಾರಣ ಗೊತ್ತಾಗುತ್ತದೆ ಎಂದು ನಂಬಿದ್ದಾರೆ. ನನಗೆ ಕಂಡದ್ದು ಕಪ್ಪು ತೆರೆ. ಬೂಟ್‌ನ ಶುರುವಿನಲ್ಲಿ ಸಂದೇಶ ತೋರಿಸುವ ಕನ್ಸೋಲೇ ಎದ್ದಿರುವುದಿಲ್ಲ. ಸಂದೇಶ ಮೆಮೊರಿಯ ಬಫರ್‌ನಲ್ಲಿ ಬಿದ್ದಿರುತ್ತದೆ, ಅದನ್ನು ತೋರಿಸಬೇಕಾದ ಕರ್ನಲ್ ಸತ್ತಿರುತ್ತದೆ. ಒಂದು ಬೋರ್ಡ್ ಹೀಗೆ ಮೌನವಾಗಿ ಕೂತಾಗ, ಅರ್ಲಿಕಾನ್ (ಶುರುವಿನಿಂದಲೇ ಸಂದೇಶ ಹೊರಗೆ ಕಳಿಸುವ ಬೂಟ್ ಆಯ್ಕೆ) ಹಾಕಿ ಸೀರಿಯಲ್ ವೈರ್ ಚುಚ್ಚಿ ಒಂದು ಸಾಲು ಓದಲು ನನಗೆ ಎರಡು ದಿನ ಬೇಕಾಯಿತು. ಅದೇ ಕರ್ನಲ್ ಕುಂಟುತ್ತಾ ಲಾಗಿನ್‌ವರೆಗೆ ಬಂದಿದ್ದರೆ ಕರ್ನಲ್ ಲಾಗ್ ನೋಡಲು ಡಿಮೆಸ್ಗ್ ಎಂದು ಟೈಪ್ ಮಾಡಿದ್ದರೆ ಸಾಕಿತ್ತು. ದೂರದ ಸರ್ವರ್ ಆದರಂತೂ ಇನ್ನೂ ಕಷ್ಟ. ಪ್ಯಾನಿಕ್ ಆದ ಲಿನಕ್ಸ್, ಬೇರೆ ಹೇಳದಿದ್ದರೆ, ರೀಬೂಟ್ ಕೂಡ ಆಗದೆ ಹಾಗೇ ಕೂತಿರುತ್ತದೆ.

ಡಬ್ಲ್ಯುಪಿ ವಿಷಯ ಒಪ್ಪುತ್ತೇನೆ. ಆದರೆ ಪ್ರೊಸೆಸರ್ ಕೋಡ್ ಎಲ್ಲಾ ಅಡಿಪಾಯ ಅಲ್ಲ. ಜಾಸ್ತಿ ಭಾಗ ಮೇಲಿನ ಬಣ್ಣ. ಸಿಪಿಯು ಕೆಲಸವನ್ನು ಎಣಿಸುವ ಪರ್ಫಾರ್ಮೆನ್ಸ್ ಕೌಂಟರ್ ಸಿಗದಿದ್ದರೆ ಕರ್ನಲ್ ಸಾಫ್ಟ್‌ವೇರ್ ಈವೆಂಟ್ ಮಾತ್ರ ಎಂದು ಹೇಳಿ ಮುಂದೆ ಹೋಗುತ್ತದೆ. ಸಿಪಿಯು ಒಳಗಿನ ಟಿಎಸ್‌ಸಿ ಗಡಿಯಾರ ನಂಬಿಕೆಗೆ ಅರ್ಹವಲ್ಲ ಎನಿಸಿದರೆ ಅದರ ಹೊರಗಿನ ಗಡಿಯಾರಗಳಾದ ಎಚ್‌ಪಿಇಟಿಗೋ ಎಸಿಪಿಐ ಟೈಮರ್‌ಗೋ ಬದಲಾಗುತ್ತದೆ. ನಿಧಾನ, ನಿಜ. ಆದರೆ ಓಡುತ್ತದೆ. 1994ರಲ್ಲಿ ಪೆಂಟಿಯಂನ ಭಾಗಾಕಾರ ತಪ್ಪು ಬೆಳಕಿಗೆ ಬಂದ ಮೇಲೆ ಲಿನಕ್ಸ್ ಬೂಟ್‌ನಲ್ಲೇ ಒಂದು ಲೆಕ್ಕ ಮಾಡಿ ನೋಡತೊಡಗಿತು. ತಪ್ಪು ಸಿಕ್ಕರೆ ಪ್ಯಾನಿಕ್ ಇಲ್ಲ. 'ಹ್ಮ್' ಎಂದು ಶುರುವಾಗುವ ಒಂದು ಸಾಲು ಬರೆದು ಮುಂದೆ ಸಾಗುತ್ತಿತ್ತು. ಆ 'ಹ್ಮ್' ನನಗೆ ತುಂಬಾ ಇಷ್ಟ.

64 ಕೋರ್‌ಗಳಲ್ಲಿ ಒಂದು ಏಳದಿದ್ದರೆ 63ರಲ್ಲಿ ನಡೆಯಲಿ ಬಿಡಿ.

ಹಿಂದೆ ಸರಿಯುವ ಕೋಡ್ ಯಾವತ್ತೂ ಓಡುವುದಿಲ್ಲ ಎಂಬ ಮಾತು ಹಳೇದಾಯಿತು. 2016ರ ಲಿನಕ್ಸ್ 4.6 ಆವೃತ್ತಿಯಿಂದ ಸಿಪಿಯು ಏಳಿಸುವುದು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಮೆಟ್ಟಿಲಿಗೆ ಹತ್ತಲು ಒಂದು ಫಂಕ್ಷನ್, ಇಳಿಯಲು ಒಂದು. ಹತ್ತುವಾಗ ಸೋತರೆ ಇಳಿಯುವ ಫಂಕ್ಷನ್‌ಗಳನ್ನು ಹಿಡಿದು ವಾಪಸ್ಸು ಬರುತ್ತದೆ. ಯಂತ್ರ ನಿದ್ದೆಗೆ, ಅಂದರೆ ಸಸ್ಪೆಂಡ್ ಟು ರ್ಯಾಮ್‌ಗೆ ಹೋಗುವಾಗಲೂ ಉಳಿದ ಕೋರ್‌ಗಳು ಇಳಿಯುವುದು ಇದೇ ಮೆಟ್ಟಿಲುಗಳಲ್ಲಿ. ಅಂದರೆ ಈ ಕೋಡ್ ದಿನವೂ ಓಡುತ್ತಿದೆ. ಏಳುತ್ತಿರುವ ಸಿಪಿಯು ಮೇಲೆ ಇಂಟರಪ್ಟ್ ಮುಚ್ಚಿಕೊಂಡು ಓಡುವ ಮೆಟ್ಟಿಲುಗಳು ಮಾತ್ರ ಸೋಲುವಂತಿಲ್ಲ ಎಂಬ ನಿಯಮ ಇದೆ. ಸೋಲಬಹುದಾದ ಕೆಲಸವನ್ನೆಲ್ಲ ಅದಕ್ಕೂ ಮೊದಲೇ ಮುಗಿಸಿಕೊಂಡಿರಬೇಕು.

ಆದರೆ ಮುಂದೆ ನಡೆಯುವುದಕ್ಕೂ ಒಂದು ಕ್ರಮ ಬೇಕು. ಎಷ್ಟೋ ಜನ ಎಡವುವುದು ಇಲ್ಲೇ. ಮೆಮೊರಿ ಇಲ್ಲ ಎಂಬ ಕೋಡ್ ರಿಟರ್ನ್ ಮಾಡಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಕರ್ನಲ್ ಒಳಗೇ ಕಟ್ಟಿದ ಇನಿಟ್‌ಕಾಲ್‌ಗಳ (ಬೂಟ್ ಆಗುವಾಗ ಓಡುವ ಸಿದ್ಧತೆಯ ಫಂಕ್ಷನ್‌ಗಳ) ಉತ್ತರವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಡೀಬಗ್ ಆಯ್ಕೆ ಹಾಕಿದರೆ ಲಾಗ್‌ನಲ್ಲಿ ಬರುತ್ತದೆ, ಅಷ್ಟೇ. ಫಂಕ್ಷನ್ ಮೊದಲು ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಸ್ಥಿತಿಯನ್ನು ಫೈಲ್‌ಗಳಾಗಿ ಹೊರಗೆ ತೋರಿಸುವ ಜಾಗ) ಒಂದು ಫೈಲ್ ಸೃಷ್ಟಿಸಿ, ಆಮೇಲೆ ಮೆಮೊರಿ ಕೇಳಿ, ಸಿಗದೆ ವಾಪಸ್ಸು ಬಂದರೆ ಆ ಫೈಲ್ ಹಾಗೇ ಉಳಿಯುತ್ತದೆ. ಮುಂದೆ ಯಾರೋ ಅದನ್ನು ಓದುತ್ತಾರೆ, ಕರ್ನಲ್ ಖಾಲಿ ಪಾಯಿಂಟರ್ (ಎಲ್ಲಿಗೂ ತೋರದ ವಿಳಾಸ) ಮೇಲೆ ಕಾಲಿಡುತ್ತದೆ. ಪರ ಬರೆದವರ ಹತ್ತು ದಿನದ ಭಯ ಇಲ್ಲಿ ನಿಜ. ಅದಕ್ಕೆ ಮದ್ದು ಪ್ಯಾನಿಕ್ ಅಲ್ಲ. ಬೇಕಾದದ್ದನ್ನೆಲ್ಲ ಮೊದಲು ತಂದಿಟ್ಟುಕೊಂಡು, ಹೊರಗೆ ತೋರಿಸುವುದನ್ನು ಕೊನೆಗೆ ಇಡಬೇಕು. ಸೋತರೆ ಆ ಸೌಲಭ್ಯ ಇದೆ ಎಂದು ಸಾರುವ ಬಿಟ್ಟನ್ನೇ ಅಳಿಸಬೇಕು, ಬೇರೆ ಯಾರೂ ಅದು ಇದೆ ಎಂದು ನಂಬದಂತೆ.

ಭದ್ರತೆಯಲ್ಲೂ ಕರ್ನಲ್ ಹೀಗೇ ನಡೆದುಕೊಂಡಿದೆ. 2018ರಿಂದ ಸಿಪಿಯು ದೋಷಗಳ ಸ್ಥಿತಿ ಹೇಳಲು ಸಿಸ್‌ಎಫ್‌ಎಸ್‌ನಲ್ಲಿ ಒಂದು ಡೈರೆಕ್ಟರಿ ಇದೆ. ಸಿಪಿಯು ಒಳಗಿನ ಬಫರ್‌ಗಳಿಂದ ಡೇಟಾ ಸೋರುವ ಎಂಡಿಎಸ್ ದೋಷಕ್ಕೆ ಬೇಕಾದ ಮೈಕ್ರೋಕೋಡ್ (ಸಿಪಿಯು ಒಳಗೇ ಓಡುವ ತಿದ್ದುಪಡಿ) ಇಲ್ಲದಿದ್ದರೆ ಅಲ್ಲಿ, ಅಪಾಯ ಇದೆ, ಬಫರ್ ತೆರವು ಪ್ರಯತ್ನಿಸಿದೆ, ಮೈಕ್ರೋಕೋಡ್ ಇಲ್ಲ ಎಂಬ ಅರ್ಥದ ಸಾಲು ಸಿಗುತ್ತದೆ. ಯಂತ್ರ ಓಡಿಸಬೇಕೋ ಬೇಡವೋ ಎಂದು ಅದರ ಒಡೆಯ ತೀರ್ಮಾನಿಸಲಿ. ಯಾವ ಎಚ್ಚರಿಕೆಗೂ ನಿಲ್ಲಲೇಬೇಕು ಎನ್ನುವವರಿಗೆ ಪ್ಯಾನಿಕ್ ಆನ್ ವಾರ್ನ್ ಆಯ್ಕೆ ಇದ್ದೇ ಇದೆ.

ಪ್ಯಾನಿಕ್ ಮಾಡಲೇಬೇಕಾದ ಜಾಗವೂ ಉಂಟು. ಎಕ್ಸ್86ರಲ್ಲಿ ಟೈಮರ್ ಇಂಟರಪ್ಟ್ ಬರದಿದ್ದರೆ ಕರ್ನಲ್ ಒಂದಾದ ಮೇಲೊಂದು ಬೇರೆ ದಾರಿ ಹಿಡಿದು ನೋಡುತ್ತದೆ. ಎಲ್ಲವೂ ಕೈಕೊಟ್ಟ ಮೇಲೆ ಪ್ಯಾನಿಕ್ ಮಾಡುತ್ತದೆ. ಆ ಸಂದೇಶದಲ್ಲೂ ಮೊದಲು ಎಪಿಐಸಿ (ಇಂಟರಪ್ಟ್ ಹಂಚುವ ಯಂತ್ರಾಂಶ) ಡೀಬಗ್ ಆಯ್ಕೆ ಹಾಕಿ ವರದಿ ಕಳಿಸಿ, ಆಮೇಲೆ ನೋಎಪಿಐಸಿ ಹಾಕಿ ಬೂಟ್ ಮಾಡಿ ನೋಡಿ ಎಂದು ಬರೆದಿರುತ್ತದೆ.