ಸೌತೆ ಅಂದರೆ ಸೌತೆ ಅಲ್ಲ

ನಮ್ಮ ಮನೆಯ ಚಾವಡಿಯಲ್ಲಿ ಚಾಪೆ ಹಾಸುವವರು ಮೊದಲು ತಲೆ ಎತ್ತಿ ಮೇಲೆ ನೋಡಬೇಕು. ಹಾವು, ಚೇಳಿನ ಭಯಕ್ಕಲ್ಲ. ಸೌತೆಕಾಯಿ ಭಯಕ್ಕೆ.

ನನ್ನ ತವರು ಮೈಸೂರು. ಅಲ್ಲಿ ಸೌತೆಕಾಯಿ ಎಂದರೆ ಉದ್ದಕ್ಕೆ ಸೀಳಿ, ಉಪ್ಪು ಖಾರ ಸವರಿ ಕಚ್ಚುವಂಥದ್ದು. ಗಂಡನ ಮನೆ ಪುತ್ತೂರಿನ ಕಡೆ. ಒಂದೂವರೆ ಎಕರೆ ಅಡಿಕೆ ತೋಟ, ಅದರ ಕೆಳಗೆ ಒಂದು ಕಾಲದಲ್ಲಿ ಭತ್ತ ಬೆಳೆಯುತ್ತಿದ್ದ ಒಂದು ತುಂಡು ಗದ್ದೆ, ಎರಡು ದನ, ಅತ್ತೆ, ಮಾವ. ಮೂರು ವರ್ಷದ ಹಿಂದೆ ನಾವಿಬ್ಬರೂ ಬೆಂಗಳೂರಿನ ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ಇಲ್ಲಿಗೇ ಬಂದೆವು. ಇಲ್ಲಿ ಬರೀ ಸೌತೆ ಎಂದರೆ ಬೇರೆ ಊರಿನವರು ಮಂಗಳೂರು ಸೌತೆ ಅನ್ನುತ್ತಾರಲ್ಲ, ಆ ಪಟ್ಟೆ ಪಟ್ಟೆ ಡೊಳ್ಳುಹೊಟ್ಟೆಯ ಸಾಂಬಾರಿನ ಕಾಯಿ. ಹಸಿ ತಿನ್ನುವುದಕ್ಕೆ ಮುಳ್ಳುಸೌತೆ ಎಂದು ಬೇರೆಯೇ ಹೆಸರು. ರಜೆಗೆ ಬಂದಾಗಲೆಲ್ಲ ಬಡಿಸಿದ್ದನ್ನು ಉಂಡು ಹೋಗಿದ್ದೆನೇ ಹೊರತು ಹೆಸರು ಕೇಳಿರಲಿಲ್ಲ. ಮದುವೆಗೆ ಮೊದಲು ಜಾತಕ ನೋಡಿದವರೂ ಈ ವಿಷಯ ಎತ್ತಿರಲಿಲ್ಲ.

ಊರಿಗೆ ಬಂದ ಮೊದಲ ಜನವರಿಯಲ್ಲಿ ನನಗೆ ಕೃಷಿಯ ಹುಮ್ಮಸ್ಸು. ರಾಮನವಮಿಗೆ ನಮ್ಮದೇ ಗದ್ದೆಯ ಸೌತೆಕಾಯಿಯ ಕೋಸಂಬರಿ ಆಗಬೇಕು ಎಂದು ಲೆಕ್ಕ ಹಾಕಿದೆ.

“ಅತ್ತೆ, ಸೌತೆಕಾಯಿ ಬೀಜ ಉಂಟಾ?” ಎಂದು ಇಲ್ಲಿಯವರ ಹಾಗೇ ಕೇಳಿದೆ.

ಅತ್ತೆಗೆ ಖುಷಿಯೋ ಖುಷಿ. ಸೊಸೆ ಬಾಯಲ್ಲಿ ‘ಉಂಟು’ ಬಂದದ್ದಕ್ಕೆ. ಬೂದಿ ಹಚ್ಚಿ ಒಣಗಿಸಿ, ಹಳೇ ಪೇಪರಿನಲ್ಲಿ ಕಟ್ಟಿಟ್ಟಿದ್ದ ಪೊಟ್ಟಣವನ್ನೇ ತಂದು ಕೈಗಿಟ್ಟರು. ಉಡುಪಿಯ ಮಟ್ಟುಗುಳ್ಳಕ್ಕೆ ವಾದಿರಾಜರು ಬೀಜ ಕೊಟ್ಟರು ಎಂದು ಪ್ರತೀತಿ. 2011ರಲ್ಲಿ ಆ ಬದನೆಗೆ ಇದು ಇಂಥ ಊರಿನದ್ದೇ ಎನ್ನುವ ಜಿಐ ಮಾನ್ಯತೆಯೂ ಸಿಕ್ಕಿತು. ನಮ್ಮ ಬೆಳೆಗೆ ಬೀಜ ಕೊಟ್ಟದ್ದು ಅತ್ತೆ. ಸಿಕ್ಕಿದ್ದು ಏನು ಅಂತ ಮುಂದೆ ಹೇಳುತ್ತೇನೆ.

ಮಾವ “ನಾಲ್ಕು ಬುಡ ಸಾಕು” ಅಂದರು. ನಾನು ಹನ್ನೆರಡು ಗುಂಡಿ ತೆಗೆದೆ. ಸುಡುಮಣ್ಣು, ಸೆಗಣಿಗೊಬ್ಬರ ಹಾಕಿ ಗುಂಡಿಗೆ ಮೂರು ಮೂರು ಬೀಜ ಊರಿದೆ. ಮೊಳೆಯದೇ ಹೋದರೆ ಅಂತ. ಎಲ್ಲವೂ ಮೊಳೆತವು. ಮೊದಲು ನೋಡಲು ಬಂದದ್ದು ನವಿಲು. ಎಳೆ ಚಿಗುರು ಕುಕ್ಕಿ, ಗರಿ ಬಿಚ್ಚಿ, ಒಂದು ಸುತ್ತು ಕುಣಿದು ಹೋಯಿತು. 1963ರಿಂದ ಅದು ರಾಷ್ಟ್ರಪಕ್ಷಿ. ಬೈಯುವುದಕ್ಕೂ ಒಂಥರಾ ಸಂಕೋಚ. ನನ್ನ ಎರಡು ಒಳ್ಳೇ ಸೀರೆಗಳನ್ನು ಇವರು ಗದ್ದೆಯ ಸುತ್ತ ಬೇಲಿ ಕಟ್ಟಿದರು. ಹಳೆಯದು ಯಾವುದು, ಒಳ್ಳೆಯದು ಯಾವುದು ಅಂತ ಇವರಿಗೆ ಮದುವೆಯಾದಂದಿನಿಂದಲೂ ಗೊತ್ತಾಗಿಲ್ಲ.

ಹೂವು ಬಂತು, ಮಿಡಿ ಬಂತು. ಕಾಯಿ ಉದ್ದವಾಗುವ ಬದಲು ಅಡ್ಡಕ್ಕೆ ಬೆಳೆಯಿತು. ನನ್ನ ಆರೈಕೆ ಜಾಸ್ತಿಯಾಯಿತು ಅಂದುಕೊಂಡೆ. ಮಗಳನ್ನೂ ನಾನು ಹಾಗೇ ಸಾಕಿದ್ದಲ್ವಾ! ಅತ್ತೆ ದಿನಾ ಬಂದು ನೋಡಿ “ಲಾಯ್ಕ ಬಂದಿದೆ” ಅನ್ನುತ್ತಿದ್ದರು.

ರಾಮನವಮಿ ದಿನ ನಾಲ್ಕು ಎಳೇ ಕಾಯಿ ಕಿತ್ತು, ಸಣ್ಣಗೆ ಹೆಚ್ಚಿ, ಹೆಸರುಬೇಳೆ, ತೆಂಗಿನತುರಿ ಸೇರಿಸಿ ಒಗ್ಗರಣೆ ಕೊಟ್ಟೆ. ಮಾವ ಒಂದು ತುತ್ತು ಬಾಯಿಗಿಟ್ಟರು. ಮಾತಾಡಲಿಲ್ಲ. ಎರಡನೇ ತುತ್ತಿಗೆ ಒಂದು ಲೋಟ ಪಾನಕ ಕುಡಿದರು. ಮೂರನೆಯದಕ್ಕೆ ಇನ್ನೊಂದು ಲೋಟ. ಮಗಳಿಗೆ ಅಷ್ಟು ತಾಳ್ಮೆ ಇಲ್ಲ. “ಅಮ್ಮಾ, ಕಹಿ!”

“ಸೌತೆಯಲ್ಲಿ ಎಂತಕ್ಕೆ ಕೋಸಂಬರಿ ಮಾಡಿದ್ದು ಮಾರಾಯ್ತಿ?” ಅತ್ತೆಗೆ ನಿಜಕ್ಕೂ ಆಶ್ಚರ್ಯ.

“ಸೌತೆಕಾಯಿಯಲ್ಲಿ ಮಾಡದೆ ಇನ್ಯಾವುದರಲ್ಲಿ ಮಾಡೋದು ಅತ್ತೆ?”

ಆಗ ಇವರು ನಗಲು ಶುರು ಮಾಡಿದರು. ಮೊದಲಿಂದ ಗೊತ್ತಿತ್ತಂತೆ. ಸಾಂಬಾರಿಗೆ ಬೆಳೆಸುತ್ತಿದ್ದಾಳೆ ಅಂದುಕೊಂಡಿದ್ದರಂತೆ.

ಅದಾದ ಮೇಲೆ ಕಾಯಿ ಕೊಯ್ದು ಎಣಿಸಿದರೆ ಎಂಬತ್ತಮೂರು. ಸೋಮವಾರ ಸೌತೆ ಹುಳಿ, ಮಂಗಳವಾರ ಬೋಳುಹುಳಿ, ಬುಧವಾರ ಮೇಲಾರ. ಬೆಳಿಗ್ಗೆ ಸೌತೆ ದೋಸೆ. ತಿರುಳಿನದ್ದು ಗೊಜ್ಜು, ಬೀಜ ಅರೆದು ಸಾರು. ಈ ಕಾಯಿಯಲ್ಲಿ ಬಿಸಾಡುವಂಥದ್ದು ಏನೂ ಇಲ್ಲ ಎಂದು ಅತ್ತೆ ಹೆಮ್ಮೆಯಿಂದ ಹೇಳುತ್ತಾರೆ. ಅದೇ ತೊಂದರೆ. ಗುರುವಾರ ಮಗಳು ಶಾಲೆಗೆ ಬರೀ ಮೊಸರನ್ನ ಕೇಳಿ ತೆಗೆದುಕೊಂಡು ಹೋದಳು. ಸಂಜೆ ಬಂದು “ಮೊಸರನ್ನದಲ್ಲೂ ಹುಡುಕಿ ನೋಡಿದೆ” ಅಂದಳು.

ಹಂಚೋಣ ಎಂದರೆ ನೆರೆಮನೆಯಲ್ಲೂ ಸೌತೆಯೇ. ನಾನು ಎರಡು ಕೊಟ್ಟು ಬಂದರೆ, ಬರಿಗೈಲಿ ಕಳಿಸಬಾರದೆಂದು ಅವರು ಮೂರು ಕೊಡುತ್ತಿದ್ದರು. ಎರಡು ಮನೆ ಸುತ್ತಿ ಬರುವಷ್ಟರಲ್ಲಿ ಎಂಬತ್ತಮೂರು ಎಂಬತ್ತೈದಾಯಿತು. ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಒಂದು ಗೋಣಿ ಕಳಿಸಿದೆ. ಅಮ್ಮ ಫೋನ್ ಮಾಡಿ, “ಸೌತೆಕಾಯಿ ಕಳಿಸ್ತೀನಿ ಅಂದಿದ್ದೆ, ಇದೇನಿದು?” ಎಂದರು. ರಕ್ತ ಸಂಬಂಧ ಅಂದರೆ ಅದು.

ಉಳಿದ ಐವತ್ತು ಚಿಲ್ಲರೆ ಕಾಯಿಗಳನ್ನು ಮಳೆಗಾಲಕ್ಕೆ ಕಟ್ಟಬೇಕು ಎಂದರು ಮಾವ. ವರ್ಷಕ್ಕೆ ಸುಮಾರು 4 ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ. ಜೂನ್ ಬಂದರೆ ಗದ್ದೆಯಲ್ಲಿ ನೀರು ಬಿಟ್ಟು ಬೇರೇನೂ ಸಿಗುವುದಿಲ್ಲ. ಬಲಿತ ಸೌತೆಗೆ ಫ್ರಿಜ್ ಬೇಡ. ಒಂದಕ್ಕೊಂದು ತಾಗದ ಹಾಗೆ ಗಾಳಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಮಾವ ಬಾಳೆನಾರನ್ನು ಕಾಯಿಯ ಸುತ್ತ ಬಳಸಿ, ಎಲ್ಲೋ ಒಂದು ಕಡೆ ಎಳೆದು ಗಂಟು ಹಾಕುತ್ತಾರೆ. ಕಾಯಿ ತೊಟ್ಟಿಲಲ್ಲಿ ಮಲಗಿದ ಹಾಗಿರುತ್ತದೆ. ನಾನೂ ಒಂದು ಸಾಲು ಕಟ್ಟಿದೆ. ನನ್ನವು ನೇಣು ಹಾಕಿಕೊಂಡ ಹಾಗಿದ್ದವು. ದಿನಾ ಒಂದೊಂದನ್ನೂ ಒತ್ತಿ ನೋಡಿ, ಮೆತ್ತಗಾದದ್ದನ್ನು ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ವಾರ ಮಾಡಿದೆ. ಆಮೇಲೆ ಮರೆತೇಹೋಯಿತು.

ಜುಲೈಯಲ್ಲಿ ಚಿಕ್ಕ ಮಾವ ಬಂದರು. ಜಡಿಮಳೆ, ಎರಡು ದಿನದಿಂದ ಕರೆಂಟಿಲ್ಲ. ಅವರಿಗೆ ಚಾವಡಿಯಲ್ಲೇ ಹಾಸಿಗೆ. ನಡುರಾತ್ರಿ ‘ದೊಪ್’ ಅಂತ ಸದ್ದು. ಹಿಂದೆಯೇ “ಅಯ್ಯಯ್ಯೋ, ಎಂತದೋ ಬಿತ್ತು!” ಎಂಬ ಕೂಗು. ಟಾರ್ಚ್ ಹಿಡಿದು ಓಡಿದೆವು. ಚಿಕ್ಕ ಮಾವ ಹಾಸಿಗೆಯಲ್ಲಿ ಎದ್ದು ಕೂತಿದ್ದರು. ಎದೆ ತುಂಬಾ ಲೋಳೆ, ಗಡ್ಡದ ತುಂಬಾ ಬೀಜ. ಘಮ ಬೇರೆ. ಅವರು ಕಣ್ಣು ಮುಚ್ಚಿಕೊಂಡೇ “ರಕ್ತವಾ? ರಕ್ತವಾ?” ಎಂದು ಕೇಳುತ್ತಿದ್ದರು.

ಕತ್ತಲೆ ಕೋಣೆಯೊಳಗಿಂದ ಮಾವನ ಸ್ವರ ಬಂತು. ಎದ್ದೂ ಬರಲಿಲ್ಲ.

“ಯಾವ ಸಾಲಿನದ್ದು?”

ನನ್ನ ಸಾಲಿನದ್ದೇ. ಹೇಳಲಿಲ್ಲ. ಟಾರ್ಚನ್ನು ಆ ಕಡೆ ಬಿಡಲೂ ಇಲ್ಲ. ಆದರೆ ಮಗಳು ಎದ್ದು ಬಂದಿದ್ದಳು. “ಅಜ್ಜಾ, ಅಮ್ಮನದ್ದು!”

ಅತ್ತೆ ಒಂದು ಬಟ್ಟಲು ತಂದು ಕಂಬಳಿಯಿಂದ, ಮೈದುನನ ಗಡ್ಡದಿಂದ ಬೀಜ ಆರಿಸತೊಡಗಿದರು. “ಒಳ್ಳೇ ಬಲಿತ ಬೀಜ. ದಂಡ ಮಾಡುವುದು ಬೇಡ.” ತೊಳೆದು, ಬೂದಿ ಹಚ್ಚಿ, ಪೇಪರಿನಲ್ಲಿ ಕಟ್ಟಿ, ಮುಳ್ಳುಸೌತೆ ಬೀಜದ ಪೊಟ್ಟಣದ ಪಕ್ಕದಲ್ಲೇ ಇಟ್ಟರು. ಎರಡಕ್ಕೂ ಹೆಸರಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಬೀಜಗಳೂ ನನ್ನ ಕಣ್ಣಿಗೆ ಒಂದೇ. “ಬರೆದಿಡೋಣ ಅತ್ತೆ” ಅಂದೆ. “ನೋಡಿದರೆ ಗೊತ್ತಾಗುವುದಿಲ್ವಾ?” ಅಂದರು.

ಜನವರಿಯಲ್ಲಿ ಅತ್ತೆ ತವರಿಗೆ ಹೋಗಿದ್ದಾಗ ನಾನೇ ಒಂದು ಪೊಟ್ಟಣ ಆರಿಸಿ ಬೀಜ ಹಾಕಿದೆ. ಬಳ್ಳಿ ಹಬ್ಬಿ ಮಿಡಿ ಬಿಟ್ಟಿದೆ. ಈ ಸಲ ಮುಳ್ಳುಸೌತೆಯೇ, ಅನುಮಾನವೇ ಇಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಮಾವ ನಿನ್ನೆ ಗದ್ದೆಗೆ ಹೋಗಿ ಒಂದು ಸುತ್ತು ನೋಡಿ ಬಂದರು. ಏನೂ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಅಂಗಳದಲ್ಲಿ ಬಾಳೆನಾರು ಒಣಗಲು ಹಾಕಿದ್ದಾರೆ.