ಹಸಿವೆಂಬ ಮೇಸ್ತ್ರಿ

ಸಾಗರ ಸೀಮೆಯ ನಮ್ಮ ಸೊಸೈಟಿಯ ಸರ್ವಸದಸ್ಯರ ಸಭೆಯಲ್ಲಿ ಈ ಸಲ ಒಂದು ಘನವಾದ ಠರಾವು ಪಾಸಾಯಿತು. ಅನ್ನಭಾಗ್ಯ, ಗೃಹಲಕ್ಷ್ಮಿಗಳಿಂದ ಕೂಲಿಯವರು ಸೋಮಾರಿಗಳಾಗಿರುವುದರಿಂದ ಎರಡನ್ನೂ ಸರ್ಕಾರ ಕೂಡಲೇ ನಿಲ್ಲಿಸತಕ್ಕದ್ದು. ಯಾರೂ ವಿರೋಧಿಸಲಿಲ್ಲ. ವಿರೋಧಿಸಬಹುದಾಗಿದ್ದವರು ಆ ಹೊತ್ತಿಗೆ ಹಿಂದಿನ ಶೆಡ್ಡಿನಲ್ಲಿ ನಮ್ಮ ಹೋಳಿಗೆ ಊಟಕ್ಕೆ ಬಾಳೆಲೆ ಒರೆಸುತ್ತಿದ್ದರು.

ಮಂಡಿಸಿದವರು ಹತ್ತು ಎಕರೆ ತೋಟದ ಹಿರಿಯರು. "ಅಡಿಕೆ ಕೊನೆ ತೆಗೆಯೋ ಕೊನೆಗೌಡ ಫೋನೇ ಎತ್ತಲ್ಲ ಮಾರಾಯ್ರೆ. ಎತ್ತಿದ್ರೆ ನಾಡಿದ್ದು ನೋಡಾಣ ಅಂತಾನೆ. ಹೊಟ್ಟೆ ತುಂಬಿದ ಮೇಲೆ ಮರ ಹತ್ತೋರು ಯಾರು?"

ಪ್ರಶ್ನೆ ಸರಿಯಾಗಿಯೇ ಇದೆ. ಮಳೆಗಾಲದಲ್ಲಿ ಅಡಿಕೆ ಮರ ಪಾಚಿ ಕಟ್ಟಿ ಜಾರುತ್ತದೆ. ತುದಿಯಲ್ಲಿ ಕೂತು, ಒಂದು ಕೈಯಲ್ಲಿ ಪೈಪು ಹಿಡಿದು ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು. ಇಳಿದು ಹತ್ತಲು ಪುರುಸೊತ್ತಿಲ್ಲದೆ ಮರದಿಂದ ಮರಕ್ಕೆ ತೂಗಿ ದಾಟಬೇಕು. ಇಂಥ ಕೆಲಸಕ್ಕೆ ಹಸಿವಿನಂಥ ಮೇಸ್ತ್ರಿ ಇನ್ನೊಬ್ಬನಿಲ್ಲ. (ಹಿರಿಯರ ಮಗನೂ ಮರ ಹತ್ತುವುದಿಲ್ಲ. ಆದರೆ ಅವನು ಬೆಂಗಳೂರಿನ ಎಸಿ ರೂಮಿನಲ್ಲಿ ಕೂತು ಹತ್ತುವುದಿಲ್ಲ, ಅದು ಬೇರೆ.)

ಈ ತೋಟ ಬಂದ ಕತೆಯೂ ಊರಿಗೆಲ್ಲ ಗೊತ್ತು. 1951ರಲ್ಲಿ ಇಲ್ಲೇ ಕಾಗೋಡಿನಲ್ಲಿ ಒಡೆಯರು ಗೇಣಿ ಅಳೆಯುವ ಕೊಳಗ ದೊಡ್ಡದಾಯಿತೆಂದು ಗೇಣಿದಾರರು ತಿರುಗಿ ಬಿದ್ದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಬಂತು, ಹಿರಿಯರ ಅಪ್ಪಯ್ಯ ತಾವು ಗೇಣಿಗೆ ಮಾಡುತ್ತಿದ್ದ ಜಮೀನು ತಮಗೆ ಸೇರಬೇಕೆಂದು ಡಿಕ್ಲರೇಷನ್ ಹಾಕಿದರು, ಗೇಣಿಯ ತೋಟ ಸ್ವಂತದ್ದಾಯಿತು. ಸರ್ಕಾರ ಜಮೀನನ್ನೇ ಕೈಗಿತ್ತಾಗ ಆ ಮನೆಯಲ್ಲಿ ಒಬ್ಬರಾದರೂ ಸೋಮಾರಿಯಾದ ದಾಖಲೆಯಿಲ್ಲ. ಆ ದುರ್ಗುಣ ಅಕ್ಕಿಯಲ್ಲಿ ಮಾತ್ರ ಇರುವಂತಿದೆ.

ಮುಂದಿನ ಠರಾವು, ಕೊಳೆ ಔಷಧಿಗೆ ಬೇಕಾದ ಮೈಲುತುತ್ತಕ್ಕೆ ಸಬ್ಸಿಡಿ ಹೆಚ್ಚಿಸಬೇಕೆಂಬುದು. ಅದಕ್ಕೂ ಚಪ್ಪಾಳೆ. ಈಗಾಗಲೇ ಹತ್ತು ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಸೊಸೈಟಿಯಲ್ಲಿ ಐದು ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿಯಿಲ್ಲ. ಕೆಜಿಗೆ 351 ರೂಪಾಯಿಗಿಂತ ಅಗ್ಗದ ಹೊರದೇಶದ ಅಡಿಕೆಗೆ ದೇಶದೊಳಗೆ ಪ್ರವೇಶವಿಲ್ಲ. ಆದಾಯ ತೆರಿಗೆಯವರಿಗೆ ತೋಟದ ದಣಪೆ ದಾಟುವ ಹಕ್ಕಿಲ್ಲ. ಇಷ್ಟಾದರೂ ರೈತನನ್ನು ಕೇಳುವವರಿಲ್ಲ ಅಂತ ಒಬ್ಬರು ಕಾರಿನ ಕೀ ಆಡಿಸುತ್ತ ಗದ್ಗದಿತರಾದರು. ಎಲೆಚುಕ್ಕಿ ರೋಗ ಬಂದು ನಿಜಕ್ಕೂ ಕಂಗಾಲಾದ ಅರ್ಧ ಎಕರೆಯವರು ಹಿಂದಿನ ಬೆಂಚಿನಲ್ಲಿದ್ದರು. ಅವರ ಮನೆ ನಡೆಯುತ್ತಿರುವುದೇ ಹೆಂಡತಿಯ ಖಾತೆಗೆ ಬೀಳುವ ಎರಡು ಸಾವಿರದಲ್ಲಿ. ಆದರೂ ಗೃಹಲಕ್ಷ್ಮಿ ನಿಲ್ಲಿಸಿ ಅಂದಾಗ ಅವರೂ ಕೈ ಎತ್ತಿದ್ದರು. ಮುಂದಿನ ಬೆಂಚಿನವರು ಎತ್ತಿದ ಮೇಲೆ ಎತ್ತದಿದ್ದರೆ ಚೆನ್ನಾಗಿರುತ್ತದೆಯೇ?

ಊಟ ಮುಗಿಸಿದ ಹಿರಿಯರು ಕೈ ತೊಳೆಯಲು ಹಿಂದಕ್ಕೆ ಹೋದರು. ಅವರ ತೋಟದ ಕೆಲಸಕ್ಕೂ ಬರುವ ಹೆಂಗಸೊಬ್ಬಳು ಅಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

"ಈ ತಿಂಗಳ ಅಕ್ಕಿ ಬಂತನೇ?"

"ಬಂತು ಒಡೆಯಾ."

"ಒಂದು ಹತ್ತು ಕೆಜಿ ನಮ್ಮನೆಗೆ ಕೊಡೆ, ಅಮ್ಮ ದೋಸೆಗೆ ಬೇಕು ಅಂದಿದ್ದಾಳೆ. ಅಂಗಡಿ ಅಕ್ಕಿಯಲ್ಲಿ ಅಷ್ಟು ಗರಿಗರಿ ಬರಲ್ಲ."