ಗಾಡಿ ಓಡಿಸಿದವರನ್ನು ಒಂದು ಮಾತು ಕೇಳಿ ಸ್ವಾಮಿ

ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಇಳಿದ ಮೇಲೆ ಬರೆದರೆ ಎಲ್ಲರ ಬಗ್ಗೆಯೂ ಒಳ್ಳೆಯದನ್ನೇ ಬರೆಯುವ ಚಾಳಿ ನನಗೆ.

ಡೀಸೆಲ್ ಗಾಡಿಯೊಂದು ಏರಿನಲ್ಲಿ ಇದ್ದಕ್ಕಿದ್ದಂತೆ ಪವರ್ ಕಳೆದುಕೊಂಡಿದೆ. ಡ್ಯಾಶ್‌ಬೋರ್ಡ್ ಮೇಲೆ ಹಳದಿ ಇಂಜಿನ್ ಲೈಟ್ ಬಂದಿದೆ. ಅದನ್ನು ಸರ್ವೀಸ್ ಸೆಂಟರಿಗೆ ತಂದವರನ್ನು ಮೊದಲು ಏನು ಕೇಳಬೇಕು? ನಮ್ಮ ಬೀದಿಗೆ ತರಕಾರಿ ತರುವ ಆಪೆ ಗಾಡಿಯವನಿಗೂ ಗೊತ್ತು: "ಯಾವಾಗ ಹಿಂಗಾಯ್ತು? ಆಗ ಏನು ಮಾಡ್ತಿದ್ರಿ?" ಅಷ್ಟೇ. ಆ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಇದು: "ಸರ್ ಬಂದಿಲ್ವಾ ಮೇಡಂ?"

ಯಾವ ಸರ್? ನಮ್ಮ ಮನೆಯ ಸರ್‌ಗೆ ಸ್ಟೆಪ್ನಿ ಎಲ್ಲಿದೆ ಅಂತಲೂ ಗೊತ್ತಿಲ್ಲ, ಪಾಪ. ಗಾಡಿ ನನ್ನದು. ಆರ್‌ಸಿ ನನ್ನ ಹೆಸರಲ್ಲಿದೆ. ಯಶವಂತಪುರದ ಲಾರಿ ಗ್ಯಾರೇಜುಗಳ ಮಧ್ಯೆ ಬೆಳೆದವಳು ನಾನು. ಗ್ರೀಸ್ ವಾಸನೆ ಬಂದರೆ ನನಗೆ ಈಗಲೂ ತವರು ನೆನಪಾಗುತ್ತದೆ.

ಆಗಿದ್ದು ಇಷ್ಟು. ತುಮಕೂರು ಕಡೆ ಹೊರಟಿದ್ದೆ. ಗೊರಗುಂಟೆಪಾಳ್ಯದ ಹತ್ತಿರ ಫ್ಲೈಓವರ್ ಏರುವಾಗ ಮೂರನೇ ಗೇರಿನಲ್ಲಿದ್ದೆ. ಎರಡು ಸಾವಿರ ಆರ್‌ಪಿಎಂ ದಾಟಿದ ಮೇಲೆ ಚೆನ್ನಾಗಿ ಆಕ್ಸಿಲರೇಟರ್ ಒತ್ತಿದೆ. ಬಾನೆಟ್ ಒಳಗೆ ‘ಫುಸ್’ ಅಂತ ಸದ್ದು ಬಂತು. ಆಮೇಲೆ ಎಷ್ಟು ತುಳಿದರೂ ಗಾಡಿ ಎಳೆಯಲಿಲ್ಲ. ಲೈಟ್ ಬಂತು. ಹಿಂದಿದ್ದ ಟ್ಯಾಕ್ಸಿಯವನು ಹಾರ್ನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಹೇಗೋ ತೆವಳಿಕೊಂಡು ಆ ಕಡೆ ಇಳಿದೆ. ಪಕ್ಕಕ್ಕೆ ಹಾಕಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಓಡಿತು. ಮುಂದಿನ ಏರು ಸಿಕ್ಕಿದ ಕೂಡಲೇ ಮತ್ತೆ ಅದೇ ಕಥೆ.

ಇದಕ್ಕೆ ಲಿಂಪ್ ಮೋಡ್ ಅಂತಾರೆ. ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಏನೋ ಎಡವಟ್ಟಾಗಿದೆ ಅಂತ ಅನುಮಾನ ಬಂದ ಕೂಡಲೇ ಡೀಸೆಲ್ ಕಡಿಮೆ ಮಾಡುತ್ತದೆ, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋದ ಒತ್ತಡ ಇಳಿಸುತ್ತದೆ. ಇಂಜಿನ್ ಸುಟ್ಟುಕೊಳ್ಳಬೇಡ, ಕುಂಟಿಕೊಂಡಾದರೂ ಮನೆ ಸೇರು ಅಂತ. ಕೆಂಪು ಲೈಟ್ ಬಂದರೆ, ಅಂದರೆ ಆಯಿಲ್ ಪ್ರೆಶರ್ ಅಥವಾ ಟೆಂಪರೇಚರ್, ಇದ್ದಲ್ಲೇ ನಿಲ್ಲಿಸಿ ಆಫ್ ಮಾಡಬೇಕು. ಹಳದಿ ಬಂದರೆ ನಿಧಾನಕ್ಕೆ ಓಡಿಸಿಕೊಂಡು ಹೋಗಿ ಬೇಗ ತೋರಿಸಬೇಕು. ಹಾಗೇ ಹೋಗಿ ತೋರಿಸಿದೆ.

ಸರ್ವೀಸ್ ಅಡ್ವೈಸರ್ ಹುಡುಗ ಸ್ಟೀರಿಂಗ್ ಕೆಳಗೆ ಇಸಿಯು ಜೊತೆ ಮಾತಾಡಲು ಇರುವ ಓಬಿಡಿ ಪೋರ್ಟಿಗೆ ಸ್ಕ್ಯಾನರ್ ಚುಚ್ಚಿಸಿದ. ಪಿ0299 ಅಂತ ಎರರ್ ಕೋಡ್ ಬಂತು. ಟ್ಯಾಬ್ ನೋಡಿ, "ಟರ್ಬೋ ಹೋಗಿದೆ ಮೇಡಂ" ಅಂದ. ಎಸ್ಟಿಮೇಟ್ 86 ಸಾವಿರ. ಲೇಬರ್ ಬೇರೆ, ಜಿಎಸ್‌ಟಿ ಬೇರೆ. "ಹೇಗೂ ಬಂದಿದೀರ, ಡಿಕಾರ್ಬನೈಸಿಂಗ್ ಮಾಡಿಸಿಬಿಡಿ, ಇಂಜಿನ್ ಒಳಗಿನ ಮಸಿ ಹೋಗುತ್ತೆ. ಎಸಿ ಕ್ಲೀನಿಂಗ್‌ಗೆ ಆಫರ್ ಇದೆ." ವಾರಂಟಿ ಮುಗಿದಿದೆ ಅಂತ ಹೇಳುವಾಗ ಆ ಮುಖದಲ್ಲಿ ಎಂಥ ಕಳೆ!

ಬಾನೆಟ್ ಎತ್ತಿರಲಿಲ್ಲ ಸ್ವಾಮಿ. ಇದನ್ನು ಇನ್ನೊಂದು ಸಲ ಹೇಳುತ್ತೇನೆ. ಬಾನೆಟ್ ಎತ್ತಿರಲಿಲ್ಲ.

ಪಿ0299 ಟರ್ಬೋ ಹೋಗಿದೆ ಅಂತ ಹೇಳುವುದಿಲ್ಲ. ‘ನಾನು ಕೇಳಿದಷ್ಟು ಗಾಳಿಯ ಒತ್ತಡ ಇಂಜಿನ್ನಿಗೆ ಬರುತ್ತಿಲ್ಲ’ ಅಂತ ಇಸಿಯು ಹೇಳುತ್ತಿದೆ, ಅಷ್ಟೇ. ಯಾಕೆ ಬರುತ್ತಿಲ್ಲ? ಏರ್ ಫಿಲ್ಟರ್ ಕಟ್ಟಿರಬಹುದು. ಟರ್ಬೋ ಊದಿದ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರಿನ ಪೈಪು ಸೀಳಿರಬಹುದು, ಕ್ಲ್ಯಾಂಪ್ ಸಡಿಲ ಆಗಿರಬಹುದು. ಟರ್ಬೋ ಒತ್ತಡ ಹೆಚ್ಚು ಕಡಿಮೆ ಮಾಡುವ ಆಕ್ಚುಯೇಟರಿನ ವ್ಯಾಕ್ಯೂಮ್ ಪೈಪು ಬಿರುಕು ಬಿಟ್ಟಿರಬಹುದು, ಇಲ್ಲಿಯ ಬಿಸಿಲಿಗೆ, ಇಂಜಿನ್ ಕಾವಿಗೆ ಅದು ಹಪ್ಪಳ ಆಗುವುದು ಮಾಮೂಲು. ಹೊಗೆಯಲ್ಲಿ ಸ್ವಲ್ಪವನ್ನು ಇಂಜಿನ್ನಿಗೇ ವಾಪಸ್ ಬಿಡುವ ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ನಿಂತಿರಬಹುದು. ಒತ್ತಡ ಅಳೆಯುವ ಸೆನ್ಸರೇ ಸುಳ್ಳು ಹೇಳುತ್ತಿರಬಹುದು. ಇದೆಲ್ಲ ನೋಡಿದ ಮೇಲೆ ಟರ್ಬೋ ಸರದಿ. ಇಸಿಯು ಬರೆದ ಕಂಪ್ಲೇಂಟಿನಲ್ಲಿ ಹೆಸರು ಬಂತು ಅನ್ನುವ ಒಂದೇ ಕಾರಣಕ್ಕೆ, ವಿಚಾರಣೆಯೇ ಇಲ್ಲದೆ ಟರ್ಬೋಗೆ ಗಲ್ಲು!

ನಾನೇ ಹೇಳಲು ಹೋದೆ. "ಏರಿನಲ್ಲಿ ಮಾತ್ರ ಆಗುತ್ತೆ. ಮೊದಲು ಫುಸ್ ಅಂತ ಸದ್ದು ಬಂತು." ಹುಡುಗ ಟ್ಯಾಬ್‌ನಿಂದ ಕಣ್ಣು ತೆಗೆಯದೆ, "ಸಿಸ್ಟಮ್ ತೋರಿಸ್ತಿದೆ ಮೇಡಂ" ಅಂದ. ಒಂದು ರೌಂಡ್ ಓಡಿಸಿ ನೋಡೋಣ ಬಾ ಅಂದೆ. "ಈಗ ತುಂಬಾ ಟ್ರಾಫಿಕ್ ಮೇಡಂ, ಸರ್ವೀಸ್ ಬೇ ಒಳಗೇ ರೇಸ್ ಮಾಡಿ ನೋಡಿದೀವಿ." ಬೆಂಗಳೂರಿನಲ್ಲಿ ಟ್ರಾಫಿಕ್ ಇಲ್ಲದ ಹೊತ್ತಿಗೆ ಗಾಡಿ ಕೆಡಿಸಿಕೊಂಡು ಬರಬೇಕಿತ್ತು, ನನಗೆ ಹೊಳೆಯಲೇ ಇಲ್ಲ ನೋಡಿ.

ನಿಂತಲ್ಲಿ ರೇಸ್ ಮಾಡಿದರೆ ಇಂಜಿನ್ ಮೇಲೆ ಲೋಡ್ ಬೀಳುವುದಿಲ್ಲ. ಲೋಡ್ ಇಲ್ಲದಿದ್ದರೆ ಟರ್ಬೋ ಪೂರ್ತಿ ಒತ್ತಡ ಕಟ್ಟುವುದಿಲ್ಲ. ಏರಿನಲ್ಲಿ ಕೆಡುವ ಗಾಡಿಯನ್ನು ಏರಿನಲ್ಲೇ ನೋಡಬೇಕು. ಇದಕ್ಕೆ ಇಂಜಿನಿಯರಿಂಗ್ ಓದಬೇಕಾ?

ಎಸ್ಟಿಮೇಟ್ ಪೇಪರ್ ಮಡಚಿ ಬ್ಯಾಗಿಗೆ ಹಾಕಿಕೊಂಡು ಕಾಮಾಕ್ಷಿಪಾಳ್ಯಕ್ಕೆ ಹೋದೆ. ಓಣಿಯೊಳಗೆ ಒಂದು ಗ್ಯಾರೇಜ್. ಹೊರಗೆ ಬೋರ್ಡಿಲ್ಲ, ಒಳಗೆ ಎರಡು ಗಾಡಿ ನಿಂತರೆ ಮೂರನೆಯದು ರಸ್ತೆಯಲ್ಲೇ. ಮೇಸ್ತ್ರಿಗೆ ನಮ್ಮಪ್ಪನ ಕಾಲದಿಂದ ಪರಿಚಯ. ಕೈ ಒರೆಸಿಕೊಳ್ಳುತ್ತಾ ಬಂದವರು ಮೊದಲು ಕೇಳಿದ್ದೇನು ಗೊತ್ತಾ? "ಯಾವಾಗ ಹಿಂಗಾಯ್ತಕ್ಕ? ಯಾವ ಗೇರಲ್ಲಿ?"

ನನಗೆ ಅಲ್ಲೇ ಅಳು ಬಂದುಬಿಡುತ್ತೇನೋ ಅನ್ನಿಸಿತು. ಗಾಡಿ ವಿಷಯಕ್ಕೆ ಅಳುವವಳಲ್ಲ ನಾನು. ಬೆಳಗಿನಿಂದ ಎಷ್ಟು ಜನರ ಹತ್ತಿರ ಮಾತಾಡಿದ್ದೆ, ಒಬ್ಬರೂ ಕಿವಿ ಕೊಟ್ಟಿರಲಿಲ್ಲ.

ಮೇಸ್ತ್ರಿ ಹತ್ತಿರವೂ ಸ್ಕ್ಯಾನರ್ ಇದೆ. ಅದನ್ನೇನು ಅವರು ಗೂಟಕ್ಕೆ ತಗುಲಿಹಾಕಿಲ್ಲ. ಆದರೆ ಕೋಡ್ ನೋಡಿ ಅಲ್ಲಿಗೇ ಬಿಡಲಿಲ್ಲ. ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿಸಿ, ಪ್ರೆಶರ್ ಸೆನ್ಸರ್ ಏನು ತೋರಿಸುತ್ತಿದೆ ಅಂತ ನೋಡಿದರು. 91 ಕಿಲೋಪಾಸ್ಕಲ್. "ಸೆನ್ಸರ್ ಸರಿ ಇದೆ" ಅಂದರು. ಅದು ಹೇಗೆ? ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ 101ರ ಆಸುಪಾಸು ಇದ್ದರೆ ಇಲ್ಲಿ 91ರ ಆಸುಪಾಸು. ಇಂಜಿನ್ ಓಡದೇ ಇರುವಾಗ ಸೆನ್ಸರ್ ಊರಿನ ಗಾಳಿಯನ್ನೇ ತೋರಿಸಬೇಕು. ತೋರಿಸಿತು. ಅಂದರೆ ಸುಳ್ಳು ಹೇಳುತ್ತಿಲ್ಲ. ಖರ್ಚು ಸೊನ್ನೆ, ಒಂದು ನಿಮಿಷದ ಕೆಲಸ.

ಆಮೇಲೆ ನನ್ನ ಕೈಗೇ ಸ್ಟೀರಿಂಗ್ ಕೊಟ್ಟು ಪಕ್ಕದಲ್ಲಿ ಕೂತರು. "ಯಾವ ಥರ ತುಳಿದಾಗ ಆಯ್ತೋ ಹಂಗೇ ತುಳೀರಿ." ಸುಮನಹಳ್ಳಿ ಫ್ಲೈಓವರ್ ಏರಿಸಿದೆ. ಅವರು ಸ್ಕ್ರೀನ್ ನೋಡುತ್ತಿದ್ದರು. ಇಸಿಯು ಕೇಳುತ್ತಿರುವ ಒತ್ತಡ ಒಂದು ಗೆರೆ, ನಿಜವಾಗಿ ಬರುತ್ತಿರುವುದು ಇನ್ನೊಂದು. ಮೊದಲು ಎರಡೂ ಜೊತೆಯಲ್ಲೇ ಏರಿದವು. ‘ಫುಸ್’ ಅಂದ ಕ್ಷಣಕ್ಕೆ ನಿಜವಾಗಿ ಬರುತ್ತಿರುವ ಒತ್ತಡದ ಗೆರೆ ಅಲ್ಲೇ ನಿಂತುಬಿಟ್ಟಿತು. ಇಸಿಯು ಕೇಳುತ್ತಿರುವುದು ಇನ್ನೂ ಏರುತ್ತಲೇ ಇತ್ತು. "ಟರ್ಬೋ ಊದ್ತಾ ಇದೆ ಅಕ್ಕ. ಊದಿದ್ದು ಎಲ್ಲೋ ಹೊರಗೆ ಹೋಗ್ತಿದೆ."

ಗ್ಯಾರೇಜಿಗೆ ವಾಪಸ್ ಬಂದು ಬಾನೆಟ್ ಎತ್ತಿದರು. ಕೈಯನ್ನು ಇಂಟರ್‌ಕೂಲರಿನಿಂದ ಇಂಜಿನ್ ಕಡೆ ಹೋಗುವ ದಪ್ಪ ರಬ್ಬರ್ ಪೈಪಿನ ಕೆಳಗೆ ತೂರಿಸಿ, ಬೆರಳು ಹೊರಗೆ ತೆಗೆದು ನನಗೆ ತೋರಿಸಿದರು. ಕಪ್ಪಗೆ, ಜಿಡ್ಡು ಜಿಡ್ಡು. ಆ ಪೈಪಿನಲ್ಲಿ ಗಾಳಿಯ ಜೊತೆ ಸ್ವಲ್ಪ ಆಯಿಲ್ ಆವಿ ಓಡಾಡುವುದು ಸಹಜವಂತೆ. ಅದಕ್ಕೇ ಎಲ್ಲಿ ಸೋರುತ್ತದೋ ಅಲ್ಲಿ ಜಿಡ್ಡಿಗೆ ಧೂಳು ಮೆತ್ತಿಕೊಳ್ಳುತ್ತದೆ. ಕ್ಲ್ಯಾಂಪ್ ಬಿಚ್ಚಿ, ಪೈಪು ಹೊರತೆಗೆದು ಬಗ್ಗಿಸಿದರು. ಬೆರಳುದ್ದದ ಸೀಳು ತೆರೆದುಕೊಂಡಿತು. ಕೈ ಬಿಟ್ಟರೆ ಮುಚ್ಚಿಕೊಂಡಿತು, ಗುರುತೇ ಇಲ್ಲ. ನಿಂತಲ್ಲಿ ರೇಸ್ ಮಾಡಿದವರಿಗೆ ಇದು ಎಲ್ಲಿ ಸಿಗಬೇಕು?

ಜೆ.ಸಿ. ರಸ್ತೆಯಿಂದ ಹೊಸ ಪೈಪು ತರಿಸಿದರು. ಎರಡು ಕ್ಲ್ಯಾಂಪ್, ಕೂಲಿ ಎಲ್ಲ ಸೇರಿ ಮೂರು ಸಾವಿರದ ಚಿಲ್ಲರೆ. ಕೋಡ್ ಅಳಿಸಿ ಮತ್ತೆ ಅದೇ ಫ್ಲೈಓವರ್ ಏರಿಸಿದೆವು. ಎರಡು ಗೆರೆಯೂ ಜೊತೆ ಜೊತೆಗೇ ಹೋದವು.

ಅಲ್ಲಿ 86 ಸಾವಿರ ಕೊಟ್ಟು ಹೊಸ ಟರ್ಬೋ ಹಾಕಿಸಿದ್ದರೆ ಏನಾಗುತ್ತಿತ್ತು? ಬಿಚ್ಚಿ ಜೋಡಿಸುವಾಗ ಯಾರಾದರೂ ಪೈಪು ನೋಡಿ ಬದಲಿಸಿದ್ದರೆ ಗಾಡಿ ಸರಿಹೋಗುತ್ತಿತ್ತು. ‘ನೋಡಿ, ಟರ್ಬೋನೇ ಪ್ರಾಬ್ಲಮ್’ ಅನ್ನುತ್ತಿದ್ದರು, ನಾನೂ ನಂಬುತ್ತಿದ್ದೆ. ನೋಡದೇ ಇದ್ದಿದ್ದರೆ ಇನ್ನೂ ಮಜಾ. ಗಾಳಿ ಸಾಲದೆ ಉರಿದ ಡೀಸೆಲ್ ಮಸಿಯಾಗುತ್ತದೆ. ಹಳೇ ಗಾಡಿಯಾಗಿದ್ದರೆ ಕಪ್ಪು ಹೊಗೆ ಬಂದು ಊರಿಗೆಲ್ಲ ಗೊತ್ತಾಗುತ್ತಿತ್ತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಆ ಮಸಿಯನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಹೊಗೆ ಕಾಣುವುದಿಲ್ಲ, ಫಿಲ್ಟರ್ ತುಂಬುತ್ತಾ ಹೋಗುತ್ತದೆ. ಆಗ ಇನ್ನೊಂದು ಲೈಟು, ಇನ್ನೊಂದು ಕೋಡು, ಇನ್ನೊಂದು ಎಸ್ಟಿಮೇಟು.

ಈಗ ಕಾಮೆಂಟಿಗೆ ಬರುವವರು ಬರುತ್ತೀರಿ, ಗೊತ್ತು. "ಸಿಟಿಯಲ್ಲಿ ಓಡಿಸೋಕೆ ಡೀಸೆಲ್ ಯಾಕೆ ತಗೊಂಡ್ರಿ?" ನಾನು ವಾರ ವಾರ ಊರಿಗೆ ಹೋಗುವವಳು, ಅದಕ್ಕೆ. ಡಿಪಿಎಫ್ ಒಳಗಿನ ಮಸಿ ಸುಡಬೇಕಾದರೆ ಸುಮಾರು 600 ಡಿಗ್ರಿ ಕಾವು ಬೇಕು, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ತೆವಳುವ ಗಾಡಿಗೆ ಅದು ಸಿಗುವುದಿಲ್ಲ, ಹೈವೇಯಲ್ಲಿ ಹದಿನೈದಿಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಬೇಕು. ಇದೆಲ್ಲ ನನಗೂ ಗೊತ್ತು. ಸುಡುವುದು ಅರ್ಧಕ್ಕೇ ನಿಂತು ನಿಂತು, ಸುಡಲು ಹಾಕಿದ ಡೀಸೆಲ್ಲು ಇಂಜಿನ್ ಆಯಿಲ್‌ಗೆ ಸೇರಿದರೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತದೆ ಅಂತಲೂ ಗೊತ್ತು, ನೋಡುತ್ತಲೇ ಇರುತ್ತೇನೆ. ನನ್ನ ಗಾಡಿಗೆ ಬಂದದ್ದು ಡಿಪಿಎಫ್ ಲೈಟ್ ಅಲ್ಲ. ದಯವಿಟ್ಟು ಓದಿ ಕಾಮೆಂಟ್ ಮಾಡಿ.

ಕಾರು ಕಂಪನಿಯಲ್ಲಿ ಕೆಲಸ ಮಾಡುವ ಗೆಳತಿ ಫೋನಿನಲ್ಲಿ ಬೇರೆ ಮಾತು ಹೇಳಿದಳು. ಈಗಿನ ಗಾಡಿ ತುಂಬಾ ಕಾಂಪ್ಲಿಕೇಟೆಡ್, ಕಿವಿಗೊಟ್ಟು ರಿಪೇರಿ ಮಾಡುವ ಕಾಲ ಹೋಯಿತು, ಅಡ್ವೈಸರ್ ಹುಡುಗರಿಗೆ ತಿಂಗಳ ಟಾರ್ಗೆಟ್, ದಿನಕ್ಕೆ ಇಷ್ಟು ಗಾಡಿ ಅಂತ ಲೆಕ್ಕ, ಪಾಪ ಏನು ಮಾಡ್ತಾರೆ ಅಂತ. ಸರಿ ಕಣೇ, ಒಪ್ಪಿದೆ. ಕಾಂಪ್ಲಿಕೇಟೆಡ್ ಆದರೆ ಜಾಸ್ತಿ ನೋಡಬೇಕೋ ಕಡಿಮೆ ನೋಡಬೇಕೋ? ಮೇಸ್ತ್ರಿ ಬಳಸಿದ್ದೂ ಕಂಪ್ಯೂಟರೇ ಅಲ್ವಾ? ಈ ಕೋಡಿಗೆ ರಿಪೇರಿ ಪುಸ್ತಕಗಳಲ್ಲಿ ಪೈಪು ಸೋರಿಕೆ ನೋಡುವುದು ಮೊದಮೊದಲ ಹಂತದಲ್ಲೇ ಬರುತ್ತದೆ, ಟರ್ಬೋ ಬಿಚ್ಚುವುದು ಕೊನೆಗೆ. ಅದನ್ನು ಓದಲು ಯಾವ ಟಾರ್ಗೆಟ್ ಅಡ್ಡ ಬಂತು? ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ಇದೆ. ಅವನಿಗೆ ಆ ಟ್ಯಾಬ್ ಕೊಟ್ಟು ಕೂರಿಸಿದವರ ಮೇಲೆ ಇನ್ನೂ ಜಾಸ್ತಿ ಇದೆ.

ಸಂಜೆ ಅಲ್ಲಿಂದ ಫೋನ್ ಬಂತು, ಫೀಡ್‌ಬ್ಯಾಕ್ ಅಂತೆ. "ಹತ್ತಕ್ಕೆ ಎಷ್ಟು ಕೊಡ್ತೀರ ಮೇಡಂ? ಹತ್ತು ಕೊಟ್ಟರೆ ನಮ್ಮ ಹುಡುಗನಿಗೆ ಹೆಲ್ಪ್ ಆಗುತ್ತೆ." ಎರಡು ಅಂದೆ. ಕಾರಣ ಕೇಳಿದಳು. ಹೇಳಲು ಶುರು ಮಾಡಿದೆ. "ಓಕೆ ಮೇಡಂ, ನೋಟ್ ಮಾಡ್ಕೊಂಡಿದೀನಿ" ಅಂತ ನಡುವೆಯೇ ಇಟ್ಟುಬಿಟ್ಟಳು. ಅಲ್ಲೂ ಪೂರ್ತಿ ಕೇಳಲಿಲ್ಲ!

ನಿಮ್ಮ ಗಾಡಿಗೆ ಹೀಗಾದರೆ ಇಷ್ಟು ಮಾಡಿ. ಲೈಟ್ ಬಂದಾಗ ಯಾವ ಗೇರು, ಎಷ್ಟು ಸ್ಪೀಡು, ಏರೋ ಇಳಿಜಾರೋ, ಸದ್ದು ಬಂತೋ ಇಲ್ಲವೋ ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಸರ್ವೀಸ್ ಸೆಂಟರಿನವರು ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ತೋರಿಸಿ ಅಂತ ಕೇಳಿ. ಲೈಟ್ ಬಂದ ಕ್ಷಣದ ಆರ್‌ಪಿಎಂ, ವೇಗ, ಲೋಡ್ ಎಲ್ಲ ಅದರಲ್ಲಿ ಸಿಗುತ್ತದೆ. ಪಾರ್ಟ್ ಬದಲಿಸಲೇಬೇಕು ಅಂದರೆ ಹಳೇ ಪಾರ್ಟ್ ಕೈಗೆ ಕೊಡಲು ಹೇಳಿ. ಟೆಸ್ಟ್ ಡ್ರೈವ್‌ಗೆ ಜೊತೆಯಲ್ಲಿ ಬರುತ್ತೇನೆ ಅನ್ನಿ. ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಮೇಸ್ತ್ರಿ ನಂಬರ್ ಕೇಳಿಕೊಂಡು ಆಗಲೇ ಮೂರ್ನಾಲ್ಕು ಜನ ಇನ್‌ಬಾಕ್ಸಿಗೆ ಬಂದಿದ್ದೀರಿ. ಕೊಡುವುದಿಲ್ಲ. "ಇನ್ನು ಯಾರನ್ನೂ ಕಳಿಸಬೇಡಿ ಅಕ್ಕ, ಜಾಗ ಇಲ್ಲ" ಅಂತ ಅವರೇ ಕೈ ಮುಗಿದಿದ್ದಾರೆ. ಆದರೆ ಆ ಎಸ್ಟಿಮೇಟ್ ಪೇಪರ್ ನನ್ನ ಹತ್ತಿರವೇ ಇದೆ. ಹೆಸರು ಮುಚ್ಚಿ ಕಾಮೆಂಟಿನಲ್ಲಿ ಹಾಕಿದ್ದೇನೆ, ಡಿಕಾರ್ಬನೈಸಿಂಗ್ ರೇಟ್ ನೋಡಿ ಬೇಕಾದರೆ ನಗಾಡಿ.